ಡಾರ್ಟ್ ಕಟ್ಟಿದ್ದು, ಗುದ್ದಿದ್ದು, ಅಳೆದದ್ದು: ಹಂತವಾರು ದಾಖಲೆ

ಕೆಲಸ ಹೇಳುವುದಕ್ಕೆ ಸುಲಭ. ಭೂಮಿಯಿಂದ 1.1 ಕೋಟಿ ಕಿ.ಮೀ. ದೂರದಲ್ಲಿರುವ, ಸುಮಾರು 150 ಮೀಟರ್ ಅಗಲದ ಕ್ಷುದ್ರಗ್ರಹಕ್ಕೆ ಒಂದು ನೌಕೆಯನ್ನು ಗುದ್ದಿಸಬೇಕು. ಗುದ್ದಿದ ಮೇಲೆ ಅದರ ಓಟ ಎಷ್ಟು ಬದಲಾಯಿತೆಂದು ಅಳೆದು ಹೇಳಬೇಕು. 2022ರಲ್ಲಿ ಈ ಕೆಲಸ ಮಾಡಿದ ನಾಸಾದ ಡಾರ್ಟ್ ನೌಕೆ ಎಂದರೆ ಎಲ್ಲರಿಗೂ ನೆನಪಾಗುವುದು ಮೊದಲನೆಯ ಭಾಗ. ಆದರೆ ಯೋಜನೆಯ ಮುಖ್ಯ ನಿರ್ಧಾರಗಳನ್ನೆಲ್ಲ ಎಳೆದೊಯ್ದದ್ದು ಎರಡನೆಯದು. ಎಷ್ಟು ತಳ್ಳಿದೆವೆಂದು ಗೊತ್ತಾಗದಿದ್ದರೆ, ನಾಳೆ ನಿಜವಾಗಿ ಭೂಮಿಯತ್ತ ಬರುವ ಕಲ್ಲಿಗೆ ಎಷ್ಟು ತೂಕದ ನೌಕೆ ಬೇಕು, ಎಷ್ಟು ವರ್ಷ ಮೊದಲು ಕಳಿಸಬೇಕು ಎಂಬ ಲೆಕ್ಕ ಹಾಕಲು ಆಗುವುದಿಲ್ಲ. ಹಾಗಾಗಿ ಈ ದಾಖಲೆಯಲ್ಲಿ ಡಿಕ್ಕಿಯಷ್ಟೇ ಜಾಗ ಅಳತೆಗೂ ಇದೆ. ತಡವಾದ, ಕೈಬಿಟ್ಟ ಭಾಗಗಳನ್ನೂ ಮುಚ್ಚಿಡದೆ ಬರೆದಿದೆ.

ಖರ್ಚು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೌಕೆ, ಉಡಾವಣೆ, ನಿರ್ವಹಣೆ ಎಲ್ಲ ಸೇರಿ ಸುಮಾರು 32.5 ಕೋಟಿ ಡಾಲರ್, 2022ರ ದರದಲ್ಲಿ 2,600 ಕೋಟಿ ರೂಪಾಯಿ ಆಸುಪಾಸು. ಉಡಾವಣೆಯ ಗುತ್ತಿಗೆ 2019ರ ಏಪ್ರಿಲ್‌ನಲ್ಲಿ ಆಯಿತು, ಸುಮಾರು 6.9 ಕೋಟಿ ಡಾಲರ್‌ನದು. ನೌಕೆ ಕಟ್ಟಿದ್ದು, ನಡೆಸಿದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತಶಾಸ್ತ್ರ ಪ್ರಯೋಗಾಲಯ.

ಹಂತ 1: ಗುರಿ ಆರಿಸುವುದು

ಆಕಾಶಕಾಯಕ್ಕೆ ನೌಕೆ ಗುದ್ದಿಸಿದ್ದು ಇದೇ ಮೊದಲಲ್ಲ. 2005ರ ಜುಲೈ 4ರಂದು ಡೀಪ್ ಇಂಪ್ಯಾಕ್ಟ್ ಯೋಜನೆಯ ಸುಮಾರು 370 ಕೆ.ಜಿ. ತೂಕದ ಘಟಕ ಸೆಕೆಂಡಿಗೆ 10 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಟೆಂಪಲ್ 1 ಧೂಮಕೇತುವಿಗೆ ಹೊಡೆಯಿತು. ಗುರಿ ತಪ್ಪಲಿಲ್ಲ. ಆದರೆ ಅದರ ಉದ್ದೇಶ ಧೂಮಕೇತುವಿನ ಒಳಗೇನಿದೆ ಎಂದು ನೋಡುವುದಾಗಿತ್ತು, ದಾರಿ ಬದಲಿಸುವುದಲ್ಲ. ಆರು ಕಿ.ಮೀ. ಗಾತ್ರದ ಆ ಕಾಯದ ಕಕ್ಷೆಯಲ್ಲಾದ ವ್ಯತ್ಯಾಸ ಅಳತೆಗೆ ಸಿಗುವಷ್ಟಿರಲಿಲ್ಲ. ಎದ್ದ ಧೂಳಿನಿಂದಾಗಿ ಬಿದ್ದ ಗುಳಿಯೂ ಕಾಣಲಿಲ್ಲ. ಅದನ್ನು ನೋಡಲು 2011ರ ಫೆಬ್ರವರಿಯಲ್ಲಿ ಸ್ಟಾರ್‌ಡಸ್ಟ್ ನೌಕೆ ಅತ್ತ ಹೋಗಬೇಕಾಯಿತು. ಗುದ್ದುವುದು ಸಾಧ್ಯ, ಆದರೆ ಅಳೆಯುವ ದಾರಿ ಮೊದಲೇ ಸಿದ್ಧವಿರಬೇಕು: ಆ ಪ್ರಯೋಗದಿಂದ ಡಾರ್ಟ್‌ಗೆ ಸಿಕ್ಕ ಪಾಠ ಇದು.

ಒಂಟಿಯಾಗಿ ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹವನ್ನು ಆರಿಸಿದರೆ ತೊಡಕು ಇಲ್ಲಿದೆ. ಅದರ ಓಟ ಸೆಕೆಂಡಿಗೆ ಹತ್ತಾರು ಕಿ.ಮೀ. ನಾವು ಮಾಡುವ ಬದಲಾವಣೆ ಸೆಕೆಂಡಿಗೆ ಕೆಲವೇ ಮಿ.ಮೀ. ಭೂಮಿಯ ದೂರದರ್ಶಕದಿಂದ ಅದನ್ನು ಹಿಡಿಯಲು ವರ್ಷಗಟ್ಟಲೆ ಕಾಯಬೇಕು. ಬೇಗ ತಿಳಿಯಬೇಕಾದರೆ ಮೊದಲೇ ಇನ್ನೊಂದು ನೌಕೆ ಅಲ್ಲಿಗೆ ಹೋಗಿ ಕಾವಲು ಕೂರಬೇಕು. ಅಂದರೆ ಎರಡು ನೌಕೆ, ಎರಡು ಉಡಾವಣೆ, ಎರಡು ಪಟ್ಟು ಹಣ.

ಜೋಡಿ ಕ್ಷುದ್ರಗ್ರಹ ಈ ಗಂಟನ್ನು ಬಿಡಿಸಿತು. 1996ರಲ್ಲಿ ಪತ್ತೆಯಾದ ಡಿಡಿಮೋಸ್ ಸುಮಾರು 760 ಮೀಟರ್ ಅಗಲದ್ದು. ಅದರ ಸುತ್ತ 150 ಮೀಟರಿನ ಪುಟ್ಟ ಚಂದ್ರನೊಂದು ತಿರುಗುತ್ತಿದೆ ಎಂದು 2003ರಲ್ಲಿ ತಿಳಿಯಿತು. ಅದಕ್ಕೆ ಮುಂದೆ ಡೈಮಾರ್ಫೋಸ್ ಎಂದು ಹೆಸರಾಯಿತು. ಎರಡರ ನಡುವಿನ ಅಂತರ ಸುಮಾರು 1.2 ಕಿ.ಮೀ. ಚಂದ್ರ ಒಂದು ಸುತ್ತು ಹಾಕಲು 11 ಗಂಟೆ 55 ನಿಮಿಷ. ಭೂಮಿಯಿಂದ ನೋಡಿದಾಗ ಇವು ಒಂದನ್ನೊಂದು ಮರೆಮಾಡುತ್ತವೆ. ಮರೆಯಾದಾಗಲೆಲ್ಲ ಜೋಡಿಯ ಬೆಳಕು ಒಂದಿಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಗಡಿಯಾರ. ಎರಡನೆಯ ನೌಕೆ ಬೇಕಿಲ್ಲ, ನೆಲದ ಮೇಲಿನ ದೂರದರ್ಶಕ ಸಾಕು.

ವೇಗದ ಲೆಕ್ಕ ಕಾಗದದ ಮೇಲೆ ಮಾಡಬಹುದು. 1,190 ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 7,480 ಮೀಟರ್. ಅದನ್ನು 42,900 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 17.4 ಸೆಂ.ಮೀ. ಇಷ್ಟು ನಿಧಾನ ನಡೆಯುವ ಕಾಯದ ವೇಗದಲ್ಲಿ ಎರಡು ಮೂರು ಮಿ.ಮೀ. ವ್ಯತ್ಯಾಸವೆಂದರೆ ಶೇಕಡಾ ಒಂದೂವರೆಯಷ್ಟು. ಅದು ಎದ್ದು ಕಾಣುತ್ತದೆ. ಕನಿಷ್ಠ ಯಶಸ್ಸಿನ ಗೆರೆ ಎಳೆದದ್ದೂ ಇದೇ ಗಡಿಯಾರದ ಮೇಲೆ: ಸುತ್ತುವ ಅವಧಿ 73 ಸೆಕೆಂಡಾದರೂ ಬದಲಾಗಬೇಕು.

ಇನ್ನೊಂದು ಅನುಕೂಲ ಸುರಕ್ಷತೆಯದು. ಡಿಡಿಮೋಸ್ ಜೋಡಿಯಿಂದ ಭೂಮಿಗೆ ಡಿಕ್ಕಿಯ ಭಯವಿಲ್ಲ. ಚಂದ್ರನಿಗೆ ಗುದ್ದಿದರೂ ಅದು ಡಿಡಿಮೋಸ್‌ನ ಗುರುತ್ವದ ಹಿಡಿತ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಜೋಡಿಯ ಒಟ್ಟು ತೂಕ 50,000 ಕೋಟಿ ಕೆ.ಜಿ.ಗೂ ಹೆಚ್ಚು. ಸೂರ್ಯನ ಸುತ್ತಲಿನ ಅದರ ಓಟದಲ್ಲಿ ಬೀಳುವ ವ್ಯತ್ಯಾಸ ಸೆಕೆಂಡಿಗೆ ಒಂದು ಮಿ.ಮೀ.ನ ನೂರರಲ್ಲಿ ಎರಡು ಮೂರು ಪಾಲು ಮಾತ್ರ.

ದಿನಾಂಕವನ್ನೂ ಗುರಿಯೇ ನಿರ್ಧರಿಸಿತು. 2022ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಡಿಡಿಮೋಸ್ ಭೂಮಿಗೆ ಹತ್ತಿರ ಬರುತ್ತಿತ್ತು. ಇಷ್ಟು ಹತ್ತಿರದ ಮುಂದಿನ ಸರದಿ 2062ರಲ್ಲಿ.

ಹಂತ 2: ಜೊತೆಗಾರ ನೌಕೆ ಕೈತಪ್ಪಿತು (2016)

ಮೂಲ ಯೋಜನೆಯಲ್ಲಿ ಯುರೋಪಿನ ಪಾಲೂ ಇತ್ತು. ಅವರ ಏಮ್ ನೌಕೆ ಮೊದಲೇ ಹೋಗಿ ಡಿಕ್ಕಿಯನ್ನು ಹತ್ತಿರದಿಂದ ನೋಡಬೇಕಿತ್ತು. 2016ರ ಡಿಸೆಂಬರ್‌ನಲ್ಲಿ ನಡೆದ ಯುರೋಪಿನ ದೇಶಗಳ ಸಚಿವರ ಸಭೆಯಲ್ಲಿ ಅದಕ್ಕೆ ಹಣ ಸಿಗಲಿಲ್ಲ. ಅಲ್ಲಿಗೆ ಎರಡು ನಷ್ಟ. ಡೈಮಾರ್ಫೋಸ್‌ನ ತೂಕ ಡಿಕ್ಕಿಗೆ ಮೊದಲೇ ಗೊತ್ತಾಗುವ ದಾರಿ ಮುಚ್ಚಿತು. ಬಿದ್ದ ಗುಳಿಯನ್ನು ನೋಡುವವರೂ ಇಲ್ಲವಾದರು. ಮೊದಲ ನಷ್ಟ ಇಂದಿಗೂ ಭರ್ತಿಯಾಗಿಲ್ಲ. ಎಂಟನೇ ಹಂತದ ಲೆಕ್ಕದಲ್ಲಿ ಅದು ಮತ್ತೆ ಅಡ್ಡ ಬರುತ್ತದೆ.

ಅರ್ಧ ಪರಿಹಾರ ಇಟಲಿಯಿಂದ ಬಂತು: 14 ಕೆ.ಜಿ. ತೂಕದ ಲೀಚಾಕ್ಯೂಬ್ ಎಂಬ ಪುಟ್ಟ ಉಪಗ್ರಹ. ಡಾರ್ಟ್‌ನ ಪಕ್ಕೆಗೆ ಅಂಟಿಕೊಂಡು ಹೋಗಿ, ಕೊನೆಯಲ್ಲಿ ಬೇರ್ಪಟ್ಟು, ಪಕ್ಕದಿಂದ ಹಾದುಹೋಗುತ್ತ ಚಿತ್ರ ತೆಗೆಯುವುದು ಅದರ ಕೆಲಸ. ಅಲ್ಲೇ ನಿಂತು ನೋಡುವ ಶಕ್ತಿ ಅದಕ್ಕಿರಲಿಲ್ಲ.

ಹಂತ 3: ಕಟ್ಟುವುದು, ಮತ್ತು ತಪ್ಪಿದ ಮೊದಲ ಅವಕಾಶ (2018–2021)

ನೌಕೆಯ ದೇಹ ಅಷ್ಟೇನೂ ದೊಡ್ಡದಲ್ಲ, ಸುಮಾರು 1.2 × 1.3 × 1.3 ಮೀಟರಿನ ಪೆಟ್ಟಿಗೆ. ಹೊರಡುವಾಗಿನ ತೂಕ 610 ಕೆ.ಜಿ. ಆಸುಪಾಸು. ಸ್ಫೋಟಕ ಇಲ್ಲ, ಬೇರೆ ಗುಂಡೂ ಇಲ್ಲ. ನೌಕೆಯೇ ಗುಂಡು.

ಒಂದೇ ಒಂದು ವೈಜ್ಞಾನಿಕ ಉಪಕರಣವಿತ್ತು: ಡ್ರೇಕೊ ಕ್ಯಾಮೆರಾ. ಪ್ಲೂಟೊಗೆ ಹೋದ ನ್ಯೂ ಹೊರೈಜನ್ಸ್ ನೌಕೆಯ ಲಾರಿ ಕ್ಯಾಮೆರಾದ ವಂಶದ್ದು. ಬಾಯಿಯ ಅಗಲ 208 ಮಿ.ಮೀ., ನೋಟದ ಅಗಲ 0.29 ಡಿಗ್ರಿ ಮಾತ್ರ. ಇಷ್ಟು ಕಿರಿದಾದ ನೋಟ ಬೇಕೇಬೇಕಿತ್ತು, ಏಕೆಂದರೆ ದಾರಿ ತೋರಿಸುವುದೂ, ಗುದ್ದುವ ಜಾಗದ ಚಿತ್ರ ಕಳಿಸುವುದೂ ಇದೇ ಕ್ಯಾಮೆರಾದ ಕೆಲಸ. ಇದು ಕೆಟ್ಟರೆ ಬದಲಿ ಇಲ್ಲ.

ಸೌರಫಲಕಗಳು ಸುರುಳಿ ಸುತ್ತಿದ ಚಾಪೆಯಂತೆ ಬಿಚ್ಚಿಕೊಳ್ಳುವ ರೋಸಾ ಮಾದರಿಯವು, ಒಂದೊಂದೂ 8.5 ಮೀಟರ್ ಉದ್ದ. ಬಿಚ್ಚಲು ಮೋಟಾರ್ ಬೇಕಿಲ್ಲ. ಅಂಚಿನ ಕೊಳವೆಗಳನ್ನು ಸುತ್ತುವಾಗ ಅದುಮಿಟ್ಟ ಬಲವೇ ಅವನ್ನು ನೇರ ಮಾಡುತ್ತದೆ.

ಉಡಾವಣೆಗೆ ಮೊದಲು ಗೊತ್ತುಮಾಡಿದ ಅವಧಿ 2021ರ ಜುಲೈ 21ರಿಂದ ಶುರುವಾಗುತ್ತಿತ್ತು. ಅದು ತಪ್ಪಿತು. ಕಾರಣ ಎರಡು. ಮೊದಲನೆಯದು ಡ್ರೇಕೊ. ರಾಕೆಟ್ ಏರುವಾಗಿನ ಅದುರಾಟವನ್ನು ಅದು ತಡೆದುಕೊಳ್ಳುತ್ತದೆಯೇ ಎಂಬ ಬಗ್ಗೆ ಭರವಸೆ ಸಾಲಲಿಲ್ಲ. ಬಲಪಡಿಸಬೇಕಾಯಿತು. ಎರಡನೆಯದು ರೋಸಾ. ಕೋವಿಡ್ ಕಾಲದಲ್ಲಿ ಸರಬರಾಜಿನ ಸರಪಳಿ ಕಡಿದು ಫಲಕಗಳು ಸಮಯಕ್ಕೆ ಬರಲಿಲ್ಲ. 2021ರ ಫೆಬ್ರವರಿಯಲ್ಲಿ ನಾಸಾ ಉಡಾವಣೆಯನ್ನು ನವೆಂಬರ್ 24ರಿಂದ ಶುರುವಾಗುವ ಎರಡನೆಯ ಅವಧಿಗೆ ತಳ್ಳಿತು.

ಈ ತಡದಿಂದ ಯೋಜನೆ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯ ಅವಧಿಯಲ್ಲಿ ಹೊರಟರೂ ಡಿಕ್ಕಿ 2022ರ ಸೆಪ್ಟೆಂಬರ್ ಕೊನೆಗೇ ಬೀಳುವಂತೆ ದಾರಿ ಇತ್ತು. ಅಂಥ ಎರಡನೆಯ ಬಾಗಿಲು ಇಲ್ಲದ ಗುರಿಯನ್ನು ಆರಿಸಿದ್ದರೆ ಕ್ಯಾಮೆರಾ ಬಲಪಡಿಸುವುದೋ, ಇದ್ದಂತೆ ಹಾರಿಸುವುದೋ ಎಂಬ ಕೆಟ್ಟ ಆಯ್ಕೆ ಎದುರಾಗುತ್ತಿತ್ತು. ನಿಜವಾದ ಅಪಾಯದ ಹೊತ್ತಿನಲ್ಲಿ ಆ ಸೌಲಭ್ಯ ಸಿಗುತ್ತದೆಂದು ನಂಬುವಂತಿಲ್ಲ.

2021ರ ಅಕ್ಟೋಬರ್ ಮೊದಲ ವಾರ ನೌಕೆ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ಉಡಾವಣಾ ನೆಲೆ ತಲುಪಿತು. ಅವಧಿಯ ಮೊದಲ ದಿನವೇ, ಅಂದರೆ ನವೆಂಬರ್ 24ರಂದು ಭಾರತೀಯ ಕಾಲಮಾನ ಬೆಳಗ್ಗೆ 11:51ಕ್ಕೆ, ಫಾಲ್ಕನ್ 9 ರಾಕೆಟ್ ಅದನ್ನು ಹೊತ್ತು ಏರಿತು. ಫಲಕಗಳು ಸರಿಯಾಗಿ ಬಿಚ್ಚಿಕೊಂಡವು.

ಹಂತ 4: ಕೈಬಿಟ್ಟ ಎಂಜಿನ್

ನೌಕೆಯಲ್ಲಿ ಎರಡು ಬಗೆಯ ಎಂಜಿನ್ ಇದ್ದವು. ಒಂದು ಹೈಡ್ರಜೀನ್ ಇಂಧನ ಬಳಸುವ 12 ಸಣ್ಣ ಥ್ರಸ್ಟರ್‌ಗಳ ಗುಂಪು. ಇಂಧನ ಸುಮಾರು 50 ಕೆ.ಜಿ. ಇನ್ನೊಂದು ನೆಕ್ಸ್ಟ್-ಸಿ ಎಂಬ ಅಯಾನು ಎಂಜಿನ್, ಅನಿಲದ ಕಣಗಳನ್ನು ವಿದ್ಯುತ್ತಿನಿಂದ ಹೊರದೂಡಿ ನಡೆಯುವಂಥದ್ದು. ಅದಕ್ಕೆ ಸುಮಾರು 60 ಕೆ.ಜಿ. ಜೆನಾನ್ ಅನಿಲ.

ಹಳೆಯ ಯೋಜನೆಯಲ್ಲಿ ಅಯಾನು ಎಂಜಿನ್‌ದೇ ಮುಖ್ಯ ಪಾತ್ರ. ಬೇರೆ ಉಪಗ್ರಹದ ರಾಕೆಟ್‌ನಲ್ಲಿ ಸಹಪ್ರಯಾಣಿಕನಾಗಿ ಏರಿ, ಭೂಮಿಯ ಸುತ್ತ ಸುರುಳಿ ಸುತ್ತುತ್ತ ನಿಧಾನ ಹೊರಬೀಳುವುದು ಅಂದಿನ ಲೆಕ್ಕ. ಪೂರ್ತಿ ಫಾಲ್ಕನ್ 9 ಡಾರ್ಟ್ ಒಂದಕ್ಕೇ ಸಿಕ್ಕ ಮೇಲೆ ರಾಕೆಟ್ಟೇ ನೇರ ದಾರಿಗೆ ಹಾಕಿತು. ಅಯಾನು ಎಂಜಿನ್ ಹೊಸ ತಂತ್ರಜ್ಞಾನದ ಪರೀಕ್ಷೆಗೆಂದು ಉಳಿಯಿತು.

ಪರೀಕ್ಷೆಯಲ್ಲಿ ದೋಷ ಕಂಡಿತು. ಎಂಜಿನ್ ತನ್ನಷ್ಟಕ್ಕೆ ಮರುಹೊಂದಿಕೆ ಮಾಡಿಕೊಳ್ಳುವ ಒಂದು ಸ್ಥಿತಿಯಲ್ಲಿ ನೌಕೆಯ ಒಡಲಿಗೆ ಹರಿದ ವಿದ್ಯುತ್ 100 ಆಂಪಿಯರ್ ಮಟ್ಟದ್ದು. ನಿರೀಕ್ಷೆ ಇದ್ದದ್ದು 25 ಆಂಪಿಯರ್. ನಾಲ್ಕು ಪಟ್ಟು ಪ್ರವಾಹ ಸೂಕ್ಷ್ಮ ವಿದ್ಯುನ್ಮಾನಕ್ಕೆ ಏನು ಮಾಡುತ್ತದೋ ಎಂದು ದಾರಿಯ ನಡುವೆ ಪ್ರಯೋಗ ಮಾಡುವುದು ಬೇಡವೆಂದು ತಂಡ ಅದನ್ನು ಮತ್ತೆ ಹಚ್ಚಲಿಲ್ಲ. ಉಳಿದ ಕೆಲಸವೆಲ್ಲ ಹೈಡ್ರಜೀನ್ ಥ್ರಸ್ಟರ್‌ಗಳಿಂದಲೇ ನಡೆಯಿತು.

ಇದು ಸರಿಯಾದ ತೀರ್ಮಾನ. ಮುಖ್ಯ ಕೆಲಸಕ್ಕೆ ಬೇಕಿಲ್ಲದ ಭಾಗವನ್ನು ಮುಖ್ಯ ಕೆಲಸಕ್ಕೆ ಅಪಾಯವಾಗಲು ಬಿಡಬಾರದು. ಬಳಕೆಯಾಗದ ಜೆನಾನ್ ಕೂಡ ವ್ಯರ್ಥವಾಗಲಿಲ್ಲ, ಡಿಕ್ಕಿಯ ತೂಕಕ್ಕೆ ಸೇರಿತು.

ಹಂತ 5: ದಾರಿಯಲ್ಲಿ ಪರೀಕ್ಷೆಗಳು (2021 ಡಿಸೆಂಬರ್ – 2022 ಆಗಸ್ಟ್)

ಡಿಸೆಂಬರ್ 7ರಂದು ಡ್ರೇಕೊದ ಬಾಗಿಲು ತೆರೆದು ಮೊದಲ ನಕ್ಷತ್ರಗಳ ಚಿತ್ರ ಬಂತು.

ಕಠಿಣ ಪರೀಕ್ಷೆ ಸ್ಮಾರ್ಟ್ ನ್ಯಾವ್ ತಂತ್ರಾಂಶದ್ದು. ಭೂಮಿಯಿಂದ ಸಂಕೇತ ತಲುಪಲು 38 ಸೆಕೆಂಡು. ಚಿತ್ರ ಬಂದು ಆಜ್ಞೆ ಮರಳುವಷ್ಟರಲ್ಲಿ ನೌಕೆ 450 ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಮನುಷ್ಯ ಕೈಯಿಂದ ನಡೆಸುವ ಮಾತೇ ಇಲ್ಲ. ತಂತ್ರಾಂಶವೇ ಚಿತ್ರದಲ್ಲಿ ಒಂದು ಮಿತಿಗಿಂತ ಹೆಚ್ಚು ಬೆಳಗುವ ಪಿಕ್ಸೆಲ್‌ಗಳ ಗುಂಪುಗಳನ್ನು ಹುಡುಕಬೇಕು. ಯಾವ ಗುಂಪು ಡಿಡಿಮೋಸ್, ಯಾವುದು ಡೈಮಾರ್ಫೋಸ್ ಎಂದು ಬೇರ್ಪಡಿಸಬೇಕು. ಚಿಕ್ಕದರ ಬೆಳಗಿದ ಭಾಗದ ನಡುವನ್ನು ಹಿಡಿದು ಥ್ರಸ್ಟರ್ ಹಚ್ಚಬೇಕು.

ತೊಂದರೆ ಎಲ್ಲೆಲ್ಲಿ ಬರಬಹುದು? ಕೆಟ್ಟ ಪಿಕ್ಸೆಲ್ಲೊಂದು ಕಾಯದಂತೆ ಕಾಣಬಹುದು. ದೊಡ್ಡದರ ಪ್ರಭೆಯಲ್ಲಿ ಚಿಕ್ಕದು ಮುಚ್ಚಿಹೋಗಬಹುದು. ಮೊದಮೊದಲ ಮಸುಕು ಚಿತ್ರಗಳನ್ನು ನಂಬಿ ಅತ್ತಿತ್ತ ಓಡಿದರೆ ಇಂಧನ ಸುರಿದುಹೋಗುತ್ತದೆ. ಸೂರ್ಯನ ಬೆಳಕು ಓರೆಯಾಗಿ ಬೀಳುತ್ತಿದ್ದುದರಿಂದ ಬೆಳಗಿದ ಭಾಗದ ನಡು ಮತ್ತು ನಿಜವಾದ ನಡು ಒಂದೇ ಅಲ್ಲ.

ಇವನ್ನೆಲ್ಲ ಆಕಾಶದಲ್ಲೇ ಪರೀಕ್ಷಿಸಲು ಗುರುಗ್ರಹವನ್ನು ಬಳಸಿಕೊಂಡರು. 2022ರ ಜುಲೈ 1 ಮತ್ತು ಆಗಸ್ಟ್ 2ರಂದು ಡ್ರೇಕೊವನ್ನು ಗುರುವಿನತ್ತ ತಿರುಗಿಸಿದರು. ಗುರುವಿನ ಮರೆಯಿಂದ ಯೂರೋಪಾ ಚಂದ್ರ ಹೊರಬರುವುದನ್ನು ತಂತ್ರಾಂಶ ಬೇರೆ ಕಾಯವೆಂದು ಗುರುತಿಸುತ್ತದೆಯೇ ಎಂದು ನೋಡಿದರು. ಡಿಡಿಮೋಸ್‌ನ ಪಕ್ಕದಿಂದ ಡೈಮಾರ್ಫೋಸ್ ಬೇರೆಯಾಗುವ ದೃಶ್ಯಕ್ಕೆ ಇದಕ್ಕಿಂತ ಹತ್ತಿರದ ತಾಲೀಮು ಸಿಗುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಎಷ್ಟೇ ನಕಲಿ ಚಿತ್ರ ತಿನ್ನಿಸಿದರೂ ನಿಜವಾದ ಕ್ಯಾಮೆರಾ, ನಿಜವಾದ ಅದುರಾಟ, ನಿಜವಾದ ಗದ್ದಲ ಸೇರಿದ ಚಿತ್ರವೇ ಬೇರೆ.

ಜುಲೈ 27ರಂದು ಸುಮಾರು 3.2 ಕೋಟಿ ಕಿ.ಮೀ. ದೂರದಿಂದ 243 ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸಿದಾಗ ಡಿಡಿಮೋಸ್ ಮೊದಲ ಬಾರಿ ಕಂಡಿತು. ಒಂದೇ ಚಿತ್ರದಲ್ಲಿ ಕಾಣುವಷ್ಟು ಪ್ರಕಾಶ ಅದಕ್ಕಿರಲಿಲ್ಲ.

ಹಂತ 6: ಲೀಚಾಕ್ಯೂಬ್ ಬಿಡುಗಡೆ (2022 ಸೆಪ್ಟೆಂಬರ್ 11, ಅಮೆರಿಕದ ದಿನಾಂಕ)

ಡಿಕ್ಕಿಗೆ 15 ದಿನ ಮೊದಲು ಬೇರ್ಪಡಿಸಲಾಯಿತು. ಕೊನೆಯ ಮೂರು ವಾರಗಳಲ್ಲಿ ದಾರಿ ತಿದ್ದುವ ಸುತ್ತುಗಳು ನಡೆದವು. ಕೊನೆಯದು ಡಿಕ್ಕಿಗೆ ಒಂದು ದಿನ ಮೊದಲು. ಆ ಹೊತ್ತಿಗೆ ಡಿಡಿಮೋಸ್ ಇರುವ ಜಾಗ ಎರಡು ಕಿ.ಮೀ. ಒಳಗಿನ ನಿಖರತೆಯಲ್ಲಿ ಗೊತ್ತಿರಬೇಕೆಂಬುದು ಗುರಿ. 150 ಮೀಟರಿನ ಕಾಯಕ್ಕೆ ಅದು ಸಾಲದು. ಉಳಿದದ್ದು ತಂತ್ರಾಂಶದ ಪಾಲು.

ಹಂತ 7: ಕೊನೆಯ ನಾಲ್ಕು ಗಂಟೆ (ಸೆಪ್ಟೆಂಬರ್ 27, ಭಾರತೀಯ ಕಾಲಮಾನ)

00:44. ಸ್ಮಾರ್ಟ್ ನ್ಯಾವ್ ಚುಕ್ಕಾಣಿ ಹಿಡಿಯಿತು. ದೂರ ಸುಮಾರು 88,000 ಕಿ.ಮೀ. ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು ಐದು ಮೈಕ್ರೊರೇಡಿಯನ್, ಅಂದರೆ ಒಂದು ಕಿ.ಮೀ. ದೂರದಲ್ಲಿ ಐದು ಮಿ.ಮೀ. ಡಿಡಿಮೋಸ್ ಕೂಡ ಎರಡು ಪಿಕ್ಸೆಲ್ ತುಂಬುತ್ತಿರಲಿಲ್ಲ, ಡೈಮಾರ್ಫೋಸ್ ಕಾಣುತ್ತಲೇ ಇರಲಿಲ್ಲ. ಮೊದಲಿಗೆ ದೊಡ್ಡದನ್ನೇ ಹಿಡಿದು ನಡೆಯಿತು.

03:35ರ ಸುಮಾರು. ಡೈಮಾರ್ಫೋಸ್ ಕಂಡಿತು. ದೂರ 26,000 ಕಿ.ಮೀ. ಆಸುಪಾಸು, ಗಾತ್ರ ಒಂದು ಪಿಕ್ಸೆಲ್‌ಗಿಂತ ಕೊಂಚ ಹೆಚ್ಚು. ಅಂದರೆ ತಾನು ಗುದ್ದಬೇಕಾದ ಕಾಯವನ್ನು ನೌಕೆ ಮೊದಲು ನೋಡಿದ್ದೇ ಕೊನೆಯ ಒಂದೂಕಾಲು ಗಂಟೆಯ ಒಳಗೆ.

03:54ರ ಸುಮಾರು. ಗುರಿ ದೊಡ್ಡದರಿಂದ ಚಿಕ್ಕದಕ್ಕೆ ಬದಲಾಯಿತು.

04:41:50ರ ಸುಮಾರು. ಥ್ರಸ್ಟರ್‌ಗಳು ನಿಂತವು. ಇನ್ನೂ 920 ಕಿ.ಮೀ. ಬಾಕಿ, ಎರಡೂವರೆ ನಿಮಿಷ. ಇಲ್ಲಿಂದ ಮುಂದೆ ತಿದ್ದುಪಡಿಯಿಲ್ಲ, ಏಕೆಂದರೆ ಥ್ರಸ್ಟರ್ ಹಚ್ಚಿದರೆ ನೌಕೆ ಅದುರಿ ಚಿತ್ರ ಮಸುಕಾಗುತ್ತದೆ. ಗುರಿ ಹಿಡಿಯುವುದಕ್ಕಿಂತ ಚಿತ್ರಕ್ಕೆ ಬೆಲೆ ಕೊಟ್ಟ ಈ ಎರಡೂವರೆ ನಿಮಿಷ ನೋಡಿದರೆ ಯೋಜನೆಯ ಮನಸ್ಸು ಅರ್ಥವಾಗುತ್ತದೆ. ಎಲ್ಲಿ, ಯಾವ ಬಗೆಯ ನೆಲಕ್ಕೆ ಗುದ್ದಿದೆವೆಂದು ತಿಳಿಯದೆ ತಳ್ಳಾಟದ ಲೆಕ್ಕ ಕೂಡುವುದಿಲ್ಲ.

ಡ್ರೇಕೊ ಸೆಕೆಂಡಿಗೊಂದು ಚಿತ್ರ ಕಳಿಸುತ್ತಿತ್ತು. 11 ಸೆಕೆಂಡು ಮೊದಲಿನ ಚಿತ್ರದಲ್ಲಿ, 68 ಕಿ.ಮೀ. ದೂರದಿಂದ, ಡೈಮಾರ್ಫೋಸ್ ಪೂರ್ತಿ ಕಾಣುತ್ತದೆ. ಎರಡು ಸೆಕೆಂಡು ಮೊದಲಿನದು 12 ಕಿ.ಮೀ. ದೂರದ್ದು, 31 ಮೀಟರ್ ಅಗಲದ ನೆಲ. ಒಂದು ಸೆಕೆಂಡು ಮೊದಲಿನದು ಅರ್ಧಕ್ಕೇ ನಿಂತಿತು. ಕಳಿಸಿ ಮುಗಿಸಲು ನೌಕೆ ಉಳಿಯಲಿಲ್ಲ.

04:44:24. ಡಿಕ್ಕಿ. ತೂಕ 579 ಕೆ.ಜಿ., ವೇಗ ಸೆಕೆಂಡಿಗೆ 6.14 ಕಿ.ಮೀ. ಶಕ್ತಿ ಸುಮಾರು 2.6 ಟನ್ ಟಿಎನ್‌ಟಿಗೆ ಸಮ. ಕಾಯದ ನಡುವಿನಿಂದ 25 ಮೀಟರ್ ಆಚೆ ಬಿತ್ತು. ನೌಕೆಯ ದೇಹ ಎರಡು ಬಂಡೆಗಳ ನಡುವೆ ಇಳಿಯಿತು. ಅಗಲ ಚಾಚಿದ್ದ ಸೌರಫಲಕಗಳು ಆ ಬಂಡೆಗಳಿಗೇ ಬಡಿದವು. ದೊಡ್ಡದಕ್ಕೆ ಅಟಬಾಕೆ ಎಂದು ಹೆಸರು, ಆರೂವರೆ ಮೀಟರ್ ಗಾತ್ರ. ಡೈಮಾರ್ಫೋಸ್ ಮೇಲಿನ ಬಂಡೆಗಳಿಗೆ ಜಗತ್ತಿನ ಚರ್ಮವಾದ್ಯಗಳ ಹೆಸರಿಟ್ಟಿದ್ದಾರೆ.

ಲೀಚಾಕ್ಯೂಬ್ ಸುಮಾರು ಮೂರು ನಿಮಿಷದ ನಂತರ 57 ಕಿ.ಮೀ. ದೂರದಿಂದ ಹಾದುಹೋಯಿತು. ಕಲ್ಲುಧೂಳಿನ ಎಳೆಗಳು ಕೊಳವೆಯ ಬಾಯಿಯಂತೆ ಹರಡಿಕೊಂಡ ಚಿತ್ರಗಳು ಅದರಿಂದ ಸಿಕ್ಕಿದವು. ಗುಳಿ ಕಾಣಲಿಲ್ಲ, ಧೂಳು ಮುಚ್ಚಿತ್ತು. ಡೀಪ್ ಇಂಪ್ಯಾಕ್ಟ್‌ನಲ್ಲಿ ಆದದ್ದೇ ಇಲ್ಲೂ ಆಯಿತು.

ಹಂತ 8: ಅಳತೆ

ವಿಧಾನ ಹೀಗೆ. ರಾತ್ರಿಯಿಡೀ ಡಿಡಿಮೋಸ್‌ನ ಚಿತ್ರಗಳನ್ನು ತೆಗೆಯುವುದು, ಪಕ್ಕದ ಸ್ಥಿರ ನಕ್ಷತ್ರಗಳೊಂದಿಗೆ ಹೋಲಿಸಿ ಬೆಳಕನ್ನು ಅಂಕಿಗೆ ಇಳಿಸುವುದು. ಡಿಡಿಮೋಸ್ ತಾನೇ 2.26 ಗಂಟೆಗೊಮ್ಮೆ ತಿರುಗುವುದರಿಂದ ಅದರ ಬೆಳಕು ಏರಿಳಿಯುತ್ತದೆ. ಆ ಏರಿಳಿತವನ್ನು ಮೊದಲು ಕಳೆಯಬೇಕು. ಉಳಿದದ್ದರಲ್ಲಿ ಗ್ರಹಣದ ಕುಳಿ, ಅಂದರೆ ಒಂದು ಇನ್ನೊಂದನ್ನು ಮರೆಮಾಡಿದಾಗ ಬೆಳಕು ಕುಗ್ಗಿದ ಗುರುತು, ಹುಡುಕಬೇಕು. ಕುಳಿಯ ಆಳ ಎಷ್ಟು? ಡೈಮಾರ್ಫೋಸ್‌ನ ಅಗಲ 151 ಮೀಟರನ್ನು ಡಿಡಿಮೋಸ್‌ನ ಅಗಲ 761 ಮೀಟರಿನಿಂದ ಭಾಗಿಸಿ ವರ್ಗ ಮಾಡಿದರೆ ಶೇಕಡಾ 4. ಶೇಕಡಾ ಒಂದರ ನಿಖರತೆ ಇಲ್ಲದ ಅಳತೆಯಲ್ಲಿ ಅದು ಕಳೆದುಹೋಗುತ್ತದೆ. ಈ ಕೆಲಸವನ್ನು ಡಿಕ್ಕಿಗೆ ಮೊದಲೇ, 2003ರಿಂದಲೂ ಹಲವು ಸುತ್ತು ಮಾಡಿ ಹಳೆಯ ಅವಧಿಯನ್ನು ಬಿಗಿಯಾಗಿ ಕಟ್ಟಿದ್ದರು. ಆ ತಯಾರಿ ಇಲ್ಲದಿದ್ದರೆ ಡಿಕ್ಕಿಯ ನಂತರದ ಅಂಕಿಗೆ ಹೋಲಿಸಲು ಏನೂ ಇರುತ್ತಿರಲಿಲ್ಲ.

ಡಿಕ್ಕಿಯಾದ ಕೂಡಲೇ ಒಂದು ತೊಡಕು ಎದ್ದಿತು. ಚಿಮ್ಮಿದ ಧೂಳು ಬಿಸಿಲಿಗೆ ಹೊಳೆದು ಜೋಡಿಯನ್ನು ಬಹಳ ಪ್ರಕಾಶಮಾನ ಮಾಡಿತು. ಹೆಚ್ಚುವರಿ ಬೆಳಕಿನಲ್ಲಿ ಶೇಕಡಾ ನಾಲ್ಕರ ಕುಳಿ ಇನ್ನೂ ಆಳ ಕಳೆದುಕೊಂಡಿತು. ಆ ದಿನಗಳಲ್ಲಿ ಗೋಲ್ಡ್‌ಸ್ಟೋನ್‌ನ 70 ಮೀಟರ್ ಆಂಟೆನಾ ಮತ್ತು ಗ್ರೀನ್ ಬ್ಯಾಂಕ್ ದೂರದರ್ಶಕದ ರೇಡಾರ್ ಅಳತೆ ನೆರವಿಗೆ ಬಂತು, ಅದಕ್ಕೆ ಧೂಳಿನ ಹೊಳಪಿನ ಗೊಡವೆಯಿಲ್ಲ. 2003ರಲ್ಲಿ ಈ ಚಂದ್ರನನ್ನು ರೇಡಾರ್‌ನಲ್ಲಿ ಹಿಡಿದಿದ್ದ ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ ಮಾತ್ರ 2020ರ ಡಿಸೆಂಬರ್‌ನಲ್ಲೇ ಕುಸಿದುಹೋಗಿತ್ತು. ಅದಿದ್ದಿದ್ದರೆ ಎಂದು ಈ ಕ್ಷೇತ್ರದವರಿಗೆ ಇಂದಿಗೂ ಅನಿಸುತ್ತದೆ.

ದಿನ ಕಳೆದಂತೆ ಕೆಲಸ ಸುಲಭವಾಗುತ್ತದೆ. ಅವಧಿ 33 ನಿಮಿಷ ಕಡಿಮೆಯಾಗಿದ್ದರೆ ಮೊದಲ ಸುತ್ತಿನ ಗ್ರಹಣ 33 ನಿಮಿಷ ಮೊದಲು ಬರುತ್ತದೆ, ಹತ್ತನೆಯದು ಐದೂವರೆ ಗಂಟೆ ಮೊದಲು. ಒಂದೊಂದು ಗ್ರಹಣದ ಹೊತ್ತಿನಲ್ಲಿ ಐದು ನಿಮಿಷ ತಪ್ಪಿದರೂ, 50 ಸುತ್ತಿನ ಅಂತರದಲ್ಲಿ ಅದು ಅವಧಿಯಲ್ಲಿ ಆರು ಸೆಕೆಂಡಿನಷ್ಟು ತಪ್ಪಾಗಿ ಇಳಿಯುತ್ತದೆ.

ಅಕ್ಟೋಬರ್ 11ರಂದು ಮೊದಲ ಅಂಕಿ ಪ್ರಕಟವಾಯಿತು: 32 ನಿಮಿಷ, ಎರಡು ನಿಮಿಷ ಆಚೀಚೆ. ಮರುವರ್ಷ 33 ನಿಮಿಷ, ಒಂದು ನಿಮಿಷ ಆಚೀಚೆ. ಇನ್ನಷ್ಟು ತಿಂಗಳ ಅಳತೆ ಸೇರಿಸಿ 2024ರಲ್ಲಿ ಬಂದ ಲೆಕ್ಕ: ಹೊಸ ಅವಧಿ 11 ಗಂಟೆ 22 ನಿಮಿಷ 3 ಸೆಕೆಂಡು, ಅಂದರೆ 33 ನಿಮಿಷ 15 ಸೆಕೆಂಡು ಕಡಿಮೆ. 73 ಸೆಕೆಂಡಿನ ಗೆರೆಯ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಡಿಕ್ಕಿಯ ಕೂಡಲೇ ಇದ್ದ ಅವಧಿ 34 ಸೆಕೆಂಡು ಹೆಚ್ಚಿತ್ತು. ನಂತರದ ವಾರಗಳಲ್ಲಿ ಸಡಿಲ ಕಲ್ಲುಗಳು ಜೋಡಿಯನ್ನು ಬಿಟ್ಟು ಹೋಗುತ್ತ ಕಕ್ಷೆ ಇನ್ನಷ್ಟು ಒಳಸರಿಯಿತು. ಒಂದೇ ವಾರ ಅಳೆದು ನಿಲ್ಲಿಸಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಈಗ ತಳ್ಳಾಟದ ಲೆಕ್ಕ. 33.25 ನಿಮಿಷ ಎಂದರೆ 715 ನಿಮಿಷದ ಶೇಕಡಾ 4.65. ವೇಗದ ಬದಲಾವಣೆ ಅದರ ಮೂರನೇ ಒಂದು ಪಾಲು, ಶೇಕಡಾ 1.55. ಸೆಕೆಂಡಿಗೆ 17.4 ಸೆಂ.ಮೀ.ನಲ್ಲಿ ಅಷ್ಟು ಪಾಲು ತೆಗೆದರೆ 2.7 ಮಿ.ಮೀ. ಪ್ರಕಟವಾದ ಅಂಕಿಯೂ ಅದೇ.

ನೌಕೆ ಒಂದೇ ಎಷ್ಟು ತಳ್ಳುತ್ತಿತ್ತು? 579.4ನ್ನು 6,145ರಿಂದ ಗುಣಿಸಿ, ಡೈಮಾರ್ಫೋಸ್‌ನ ಅಂದಾಜು ತೂಕ 430 ಕೋಟಿ ಕೆ.ಜಿ.ಯಿಂದ ಭಾಗಿಸಿದರೆ ಸೆಕೆಂಡಿಗೆ 0.83 ಮಿ.ಮೀ. ಉಳಿದದ್ದೆಲ್ಲ ಹಿಂದಕ್ಕೆ ಚಿಮ್ಮಿದ ಕಲ್ಲುಧೂಳು ಕೊಟ್ಟ ಒದೆತ. ಒಟ್ಟು ತಳ್ಳಾಟ ನೌಕೆಯೊಂದರ ತಳ್ಳಾಟದ ಎಷ್ಟು ಪಟ್ಟು ಎಂಬ ಗುಣಕವೇ ಬೀಟಾ. ನಮ್ಮ ಒರಟು ಲೆಕ್ಕದಲ್ಲಿ 3.3 ಬರುತ್ತದೆ. ನೌಕೆ ಬಂದ ದಿಕ್ಕು, ಕಲ್ಲು ಹಾರಿದ ದಿಕ್ಕು ಸೇರಿಸಿದ ಸರಿಯಾದ ಲೆಕ್ಕದಲ್ಲಿ 3.6.

ಆದರೆ ಆ 430 ಕೋಟಿ ಅಂದಾಜು ಮಾತ್ರ. ಘನ ಮೀಟರಿಗೆ 2,400 ಕೆ.ಜಿ. ಸಾಂದ್ರತೆ ಎಂದು ಇಟ್ಟುಕೊಂಡು ಮಾಡಿದ್ದು. 1,500 ಎಂದರೆ ಬೀಟಾ 2.2ಕ್ಕೆ ಇಳಿಯುತ್ತದೆ, 3,300 ಎಂದರೆ 4.9ಕ್ಕೆ ಏರುತ್ತದೆ. ಎರಡು ಪಟ್ಟಿಗೂ ಹೆಚ್ಚಿನ ಅನಿಶ್ಚಯ. ಎರಡನೇ ಹಂತದಲ್ಲಿ ಕೈತಪ್ಪಿದ ನೌಕೆಯ ಬೆಲೆ ಇದು.

ಹಂತ 9: ಯಾರೂ ಎಣಿಸದ ಅಡ್ಡ ಪರಿಣಾಮಗಳು

2022ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ಡಿಡಿಮೋಸ್ ಸುತ್ತ 37 ಬಂಡೆಗಳನ್ನು ಕಂಡಿತು. ಗಾತ್ರ ಒಂದು ಮೀಟರಿನಿಂದ 6.7 ಮೀಟರ್, ಮನುಷ್ಯ ನಡೆಯುವುದಕ್ಕಿಂತಲೂ ನಿಧಾನವಾಗಿ ದೂರ ಸರಿಯುತ್ತಿದ್ದವು. ಇಲ್ಲಿ ಯಾರಿಗೂ ಅಪಾಯವಿಲ್ಲ. ಭೂಮಿಯತ್ತ ಬರುವ ಕ್ಷುದ್ರಗ್ರಹವಾಗಿದ್ದರೆ ಈ ಬಂಡೆಗಳ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಡೈಮಾರ್ಫೋಸ್ ಒಂದೇ ಗಟ್ಟಿ ಬಂಡೆಯಲ್ಲ. ಗುರುತ್ವದ ದುರ್ಬಲ ಹಿಡಿತದಲ್ಲಿ ಕೂಡಿಕೊಂಡ ಕಲ್ಲುಗಳ ರಾಶಿ. ಹಾಗಾಗಿ ಅಚ್ಚುಕಟ್ಟಾದ ಗುಳಿ ಬೀಳುವ ಬದಲು ಇಡೀ ಕಾಯವೇ ಆಕಾರ ಬದಲಿಸಿರಬಹುದೆಂದು ಗಣಕ ಮಾದರಿಗಳು ಹೇಳುತ್ತವೆ. ಅಳತೆಗಳೂ ಅದೇ ದಿಕ್ಕಿಗೆ ಬೆರಳು ಮಾಡುತ್ತವೆ: ಮೊದಲು ಹೆಚ್ಚೂಕಡಿಮೆ ಚಪ್ಪಟೆ ಗುಂಡಗಿದ್ದದ್ದು ಈಗ ಉದ್ದನೆಯ ಆಕಾರಕ್ಕೆ ತಿರುಗಿದೆ. ಹೆಚ್ಚು ಕಲ್ಲು ಚಿಮ್ಮಿದ್ದಕ್ಕೂ, ಬೀಟಾ ಇಷ್ಟು ಏರಿದ್ದಕ್ಕೂ ಈ ಸಡಿಲತನ ಕಾರಣ. ಒಂದೇ ಕಲ್ಲಿನ ಗಟ್ಟಿ ಕ್ಷುದ್ರಗ್ರಹಕ್ಕೆ, ಅಥವಾ ಕಬ್ಬಿಣದ್ದಕ್ಕೆ, 3.6 ಎಂಬ ಅಂಕಿಯನ್ನು ನೇರ ಎತ್ತಿ ಹಾಕುವುದು ದೊಡ್ಡ ತಪ್ಪಾಗುತ್ತದೆ.

ಹಂತ 10: ಇದೇ ಗುದ್ದು ನಿಜವಾದ ಅಪಾಯಕ್ಕೆ ಸಾಕೇ?

ಸೂರ್ಯನನ್ನು ಸುತ್ತುವ ಕಾಯಕ್ಕೆ ಒರಟು ಸೂತ್ರವೊಂದಿದೆ: ಓಟದ ದಿಕ್ಕಿನಲ್ಲಿ ಕೊಟ್ಟ ವೇಗ, ಗುದ್ದಿದ ಮೇಲೆ ಕಳೆದ ಕಾಲ, ಎರಡನ್ನೂ ಗುಣಿಸಿ ಮೂರರಿಂದ ಗುಣಿಸಿದರೆ ಅದು ಹಳೆಯ ದಾರಿಯಲ್ಲಿ ಎಷ್ಟು ಹಿಂದೆ ಅಥವಾ ಮುಂದೆ ಇರುತ್ತದೆಂದು ಸಿಗುತ್ತದೆ. 2.7 ಮಿ.ಮೀ. ವೇಗವನ್ನು ಡೈಮಾರ್ಫೋಸ್‌ನಷ್ಟೇ ತೂಕದ ಒಂಟಿ ಕಾಯಕ್ಕೆ ಕೊಟ್ಟೆವೆನ್ನಿ. ಹತ್ತು ವರ್ಷಕ್ಕೆ ಸುಮಾರು 2,550 ಕಿ.ಮೀ. ಇಪ್ಪತ್ತೈದು ವರ್ಷಕ್ಕೆ ಸುಮಾರು 6,400 ಕಿ.ಮೀ., ಅಂದರೆ ಭೂಮಿಯ ತ್ರಿಜ್ಯದಷ್ಟು. ಎರಡು ವರ್ಷ ಮೊದಲು ಮಾತ್ರ ಗೊತ್ತಾದರೆ ಐನೂರು ಕಿ.ಮೀ., ಅದು ಸಾಲುವುದೇ ಇಲ್ಲ. ಗಾತ್ರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಪರಿಣಾಮ ಎಂಟನೇ ಒಂದಾಗುತ್ತದೆ.

ಹಾಗಾಗಿ ಈ ಕೆಲಸದಲ್ಲಿ ಹಣ ಹಾಕಬೇಕಾದ ಮೊದಲ ಜಾಗ ಹುಡುಕಾಟ. ನೌಕೆ ಕಟ್ಟುವುದನ್ನು ಡಾರ್ಟ್ ತೋರಿಸಿಕೊಟ್ಟಾಗಿದೆ. ಎರಡನೆಯ ಜಾಗ ಮುಂಚಿತ ಪರಿಶೀಲನೆ: ಗುದ್ದುವ ಮೊದಲು ಕಾಯದ ತೂಕ, ಆಕಾರ, ಮೇಲ್ಮೈ ನೋಡಿ ಬರುವ ನೌಕೆ. ಬೀಟಾ 2.2 ಎಂದುಕೊಂಡು ಯೋಜನೆ ಹಾಕುವುದಕ್ಕೂ 4.9 ಎಂದುಕೊಂಡು ಹಾಕುವುದಕ್ಕೂ ನೌಕೆಗಳ ಸಂಖ್ಯೆಯಲ್ಲೇ ವ್ಯತ್ಯಾಸ ಬೀಳುತ್ತದೆ.

ಹಂತ 11: ಬಾಕಿ ಇರುವ ಅಳತೆ

ಯುರೋಪಿನ ಹೆರಾ ನೌಕೆಗೆ 2019ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಅಕ್ಟೋಬರ್ 7ರಂದು ಹೊರಟು, 2025ರ ಮಾರ್ಚ್ 12ರಂದು ಮಂಗಳನ ಬಳಿ ಹಾದು ವೇಗ ತಿದ್ದಿಕೊಂಡಿತು. 2026ರ ಕೊನೆಯ ಹೊತ್ತಿಗೆ ಡಿಡಿಮೋಸ್ ತಲುಪುವ ಲೆಕ್ಕ. ಚಂದ್ರ ಸುತ್ತುವಾಗ ಡಿಡಿಮೋಸ್ ಎಷ್ಟು ತೂಗಾಡುತ್ತದೆ, ಹತ್ತಿರ ಹೋದಾಗ ನೌಕೆಯ ದಾರಿ ಎಷ್ಟು ಬಾಗುತ್ತದೆ ಎಂಬುದರಿಂದ ಡೈಮಾರ್ಫೋಸ್‌ನ ತೂಕ ತೆಗೆಯುತ್ತಾರೆ. ಜೊತೆಗೆ ಎರಡು ಪುಟ್ಟ ಉಪಗ್ರಹಗಳಿವೆ: ಯುವೆಂಟಾಸ್ ರೇಡಾರ್‌ನಿಂದ ಒಳಭಾಗ ನೋಡುತ್ತದೆ, ಮಿಲಾನಿ ಮೇಲ್ಮೈಯ ಖನಿಜಗಳನ್ನು. ತೂಕ ಸಿಕ್ಕ ದಿನ ಎಂಟನೇ ಹಂತದ 430 ಕೋಟಿಯನ್ನು ಹೊಡೆದುಹಾಕಿ ಅಲ್ಲಿ ಅಳೆದ ಅಂಕಿ ಬರೆಯಬೇಕು, ಬೀಟಾವನ್ನು ಮತ್ತೆ ಲೆಕ್ಕ ಹಾಕಬೇಕು.